ಆಟದ ರೈಲಿನ ಬೆಲೆ: ಮೊದಲ ಕೊಳ್ಳುಗನೂ ಹಳೆಯ ಹವ್ಯಾಸಿಯೂ

ಪರಸ್ಪರ ಪೂರಕವಾದ ಪದಾರ್ಥಗಳ ಬೆಲೆಯನ್ನು ವಿವೇಚಿಸುವಾಗ ಲೇಖನಿ ಮತ್ತು ಮಸಿಯ ನಿದರ್ಶನವನ್ನು ಕೊಡುವುದು ವಾಡಿಕೆ. ಅದಕ್ಕಿಂತ ಸೂಕ್ಷ್ಮವಾದ ನಿದರ್ಶನವೊಂದು ಯೂರೋಪಿನ ಆಟದ ರೈಲುಗಳ ವ್ಯಾಪಾರದಲ್ಲಿ ದೊರೆಯುತ್ತದೆ. ಇಲ್ಲಿ ಕೊಳ್ಳುವವರು ಎರಡು ಬಗೆ: ಮಗುವಿಗಾಗಿ ಮೊದಲ ಸಲ ಕೊಳ್ಳುವ ತಂದೆತಾಯಿಗಳು ಮತ್ತು ವರ್ಷಗಳಿಂದ ಸಂಗ್ರಹವನ್ನು ಬೆಳೆಸಿಕೊಂಡು ಬಂದ ಹವ್ಯಾಸಿಗಳು. ಮೊದಲನೆಯವರು ಬೆಲೆಯನ್ನು ನೋಡುತ್ತಾರೆ. ಎರಡನೆಯವರು ಹಳೆಯದರೊಡನೆ ಹೊಸದು ಹೊಂದುವುದೇ ಎಂದು ನೋಡುತ್ತಾರೆ. ಇಬ್ಬರನ್ನೂ ಒಂದೇ ಮಾರಾಟ ನೀತಿಯಿಂದ ತೃಪ್ತಿಪಡಿಸಲು ಸಾಧ್ಯವೇ ಎಂಬುದನ್ನು ಪರಿಶೀಲಿಸೋಣ.

ಜರ್ಮನಿಯ ಗೊಪ್ಪಿಂಗೆನ್ ಪಟ್ಟಣದ ಮೆರ್ಕ್ಲಿನ್ ಸಂಸ್ಥೆಯು 1859ರಲ್ಲಿ ಗೊಂಬೆಮನೆಯ ತಗಡಿನ ಪಾತ್ರೆಗಳನ್ನು ತಯಾರಿಸುತ್ತ ಆರಂಭವಾಯಿತು. ಗೊಂಬೆಮನೆಗೆ ವರ್ಷವರ್ಷವೂ ಹೊಸ ಸಾಮಾನುಗಳನ್ನು ಸೇರಿಸುತ್ತ ಹೋಗಬಹುದು. ಈ ತತ್ತ್ವವನ್ನೇ ರೈಲಿಗೂ ಅನ್ವಯಿಸಿ, ಸಂಸ್ಥೆಯು 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು ನಿರ್ದಿಷ್ಟ ಅಳತೆಯ ಹಳಿಗಳೊಡನೆ ಪ್ರದರ್ಶಿಸಿತು. ಅಂದಿನಿಂದ ಮಾರಾಟವಾದುದು ಬಿಡಿ ಆಟಿಕೆಯಲ್ಲ, ಬೆಳೆಯಬಲ್ಲ ಒಂದು ವ್ಯವಸ್ಥೆ.

ಇದರಿಂದ ಬೆಲೆಯ ಲೆಕ್ಕಾಚಾರವೇ ಬದಲಾಗುತ್ತದೆ. ಎಂಜಿನು, ಒಂದೆರಡು ಬಂಡಿ, ಒಂದು ಸುತ್ತು ಹಳಿ ಇರುವ ಆರಂಭದ ಪೆಟ್ಟಿಗೆಯನ್ನು ಅಲ್ಪ ಲಾಭಕ್ಕೆ ಕೊಡಬಹುದು. ಮುಂದೆ ಕವಲುಹಳಿ, ನಿಲ್ದಾಣ, ಸಂಕೇತಸ್ತಂಭಗಳ ಮಾರಾಟದಿಂದ ಆ ಕೊರತೆ ತುಂಬುತ್ತದೆ. ಒಮ್ಮೆ ಒಂದು ಅಳತೆಯ ಹಳಿಯನ್ನು ಕೊಂಡವನು ಬೇರೆಡೆಗೆ ಹೋಗಬೇಕಾದರೆ ಹಿಂದಿನದನ್ನೆಲ್ಲ ಬಿಡಬೇಕು. ಆದುದರಿಂದ ಅವನ ಬೇಡಿಕೆ ಬೆಲೆ ಏರಿದರೂ ಸುಲಭವಾಗಿ ಕುಗ್ಗುವುದಿಲ್ಲ.

ಆದರೆ ಈ ಬಂಧನವು ಮಾರುವವನನ್ನೂ ಕಟ್ಟುತ್ತದೆ. ಇಂಗ್ಲೆಂಡಿನ ಮೆಕಾನೊ ಸಂಸ್ಥೆಯು 1938ರಲ್ಲಿ ಹೊರತಂದ ಹಾರ್ನ್‌ಬಿ ಡಬ್ಲೊ ರೈಲು ಮೂರು ಹಳಿಗಳ ಮೇಲೆ ಓಡುತ್ತಿತ್ತು. ನಡುವಿನ ಹಳಿ ವಿದ್ಯುತ್ತನ್ನು ಒದಗಿಸುತ್ತಿತ್ತು. 1952ರಲ್ಲಿ ಟ್ರೈ-ಆಂಗ್ ಹೆಸರಿನಿಂದ ಎರಡೇ ಹಳಿಯ, ಪ್ಲಾಸ್ಟಿಕ್ಕಿನ, ಅಗ್ಗದ ರೈಲುಗಳು ಮಾರುಕಟ್ಟೆಗೆ ಬಂದವು. ಹೊಸಬರು ಅತ್ತ ಒಲಿದರು. ಹಳಿಯನ್ನು ಬದಲಿಸಿದರೆ ಹಳೆಯ ಗಿರಾಕಿಗಳ ಎಂಜಿನುಗಳು ಕೆಲಸಕ್ಕೆ ಬಾರವು. ಬದಲಿಸದಿದ್ದರೆ ಹೊಸ ಗಿರಾಕಿಗಳಿಲ್ಲ. ಮೆಕಾನೊ 1959ರಲ್ಲಿ ಎರಡು ಹಳಿಗೆ ಬದಲಾದರೂ ವಿಳಂಬವಾಗಿತ್ತು. 1964ರಲ್ಲಿ ಟ್ರೈ-ಆಂಗ್‌ನ ಒಡೆಯರಾದ ಲೈನ್ಸ್ ಬ್ರದರ್ಸ್ ಅದನ್ನು ಕೊಂಡರು.

ಮೆರ್ಕ್ಲಿನ್ ತನ್ನ ಹಳೆಯ ಗಿರಾಕಿಗಳ ವಿಶ್ವಾಸವನ್ನು ಉಳಿಸಿಕೊಂಡಿತು. ಆದರೂ 2009ರಲ್ಲಿ ದಿವಾಳಿಯ ಅರ್ಜಿಯನ್ನು ಸಲ್ಲಿಸಬೇಕಾಯಿತು. ಅನಂತರ ಚೇತರಿಸಿಕೊಂಡ ಸಂಸ್ಥೆಯು ಚಿಕ್ಕ ಮಕ್ಕಳಿಗಾಗಿ ಬ್ಯಾಟರಿಯಿಂದ ಓಡುವ ಪ್ಲಾಸ್ಟಿಕ್ ರೈಲುಗಳನ್ನು ಹೊರತಂದುದು ಅರ್ಥಪೂರ್ಣವಾಗಿದೆ. ಹವ್ಯಾಸಿಯು ಇಂದಿನ ಲಾಭವನ್ನು ಕೊಡುತ್ತಾನೆ. ಆದರೆ ಅವನಿಗೆ ವಯಸ್ಸಾಗುತ್ತದೆ. ಆರಂಭದ ಪೆಟ್ಟಿಗೆಯಲ್ಲಿ ಬಿಟ್ಟುಕೊಟ್ಟ ಲಾಭವನ್ನು ನಷ್ಟವೆಂದು ಬರೆಯದೆ, ಮುಂದಿನ ಪೀಳಿಗೆಯ ಗಿರಾಕಿಗಳಿಗಾಗಿ ಹೂಡಿದ ಬಂಡವಾಳವೆಂದು ಎಣಿಸುವುದೇ ಯುಕ್ತವೆಂದು ನಮಗೆ ತೋರುತ್ತದೆ.