ಮೂಳೆ ಹೇಳಿದ್ದು, ಮನೆ ಹೇಳಿದ್ದು

ಇನ್ನೂ ನಡೆಯಲೂ ಬಾರದ ಕೂಸಿನ ತೊಡೆಮೂಳೆ ಸುಮ್ಮಸುಮ್ಮನೆ ಮುರಿಯುವುದಿಲ್ಲ. ಇಷ್ಟು ಸರಳವಾದ ಮಾತನ್ನು ಬಾಯಿಬಿಟ್ಟು ಹೇಳಲು ವೈದ್ಯಲೋಕಕ್ಕೆ ನೂರು ವರ್ಷ ಹಿಡಿಯಿತು. 1860ರಲ್ಲೇ ಪ್ಯಾರಿಸ್ಸಿನ ನ್ಯಾಯವೈದ್ಯ ಆಂಬ್ರ್ವಾಜ್ ತಾರ್ದ್ಯೂ ಹೊಡೆತಕ್ಕೆ, ಹಿಂಸೆಗೆ ಸಿಕ್ಕ 32 ಮಕ್ಕಳ ವಿವರ ಬರೆದಿಟ್ಟಿದ್ದರು. ಅವರಲ್ಲಿ 18 ಮಕ್ಕಳು ಸತ್ತಿದ್ದರು. ಹಿಂಸೆ ಕೊಟ್ಟವರಲ್ಲಿ ಹೆತ್ತವರೇ ಹೆಚ್ಚು ಎಂದೂ ಬರೆದಿದ್ದರು. ಆ ಬರಹವನ್ನು ಓದಿದವರು ಓದಿ ಮರೆತರು.

ಮತ್ತೆ ಆ ಮಾತೆತ್ತಿದ್ದು ಎಕ್ಸ್‌ರೇ. ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯಲ್ಲಿ ಜಾನ್ ಕ್ಯಾಫಿ ಎಂಬ ರೇಡಿಯಾಲಜಿಸ್ಟ್ ಇದ್ದರು. ಮಿದುಳಿನ ಹೊದಿಕೆಯ ಕೆಳಗೆ ರಕ್ತ ಹೆಪ್ಪುಗಟ್ಟಿದ ಆರು ಎಳೆಮಕ್ಕಳ ಚಿತ್ರಗಳನ್ನು ಅವರು 1946ರಲ್ಲಿ ಪ್ರಕಟಿಸಿದರು. ಆರೇ ಮಕ್ಕಳ ಕೈಕಾಲುಗಳಲ್ಲಿ 23 ಮುರಿತಗಳು. ರಿಕೆಟ್ಸ್ ಅಲ್ಲ, ಸ್ಕರ್ವಿ ಅಲ್ಲ, ಮೂಳೆ ಪೆಡಸಾಗುವ ಯಾವ ಕಾಯಿಲೆಯ ಗುರುತೂ ಇಲ್ಲ. ಒಂದು ಮಗುವಂತೂ ಅಪ್ಪ ಅಮ್ಮ ಇಬ್ಬರಿಗೂ ಬೇಡವಾಗಿತ್ತು; ಬೇಕೆಂದೇ ನೋಯಿಸಿದ್ದಾರೆಯೇ ಎಂಬ ಅನುಮಾನ ಕ್ಯಾಫಿಯವರಿಗೆ ಬಂದಿತ್ತು. ಆದರೆ ಹೌದೆನ್ನಲೂ ಅಲ್ಲವೆನ್ನಲೂ ಪುರಾವೆ ಸಾಲದೆಂದು ಬರೆದು ನಿಲ್ಲಿಸಿದರು. ಅವರದು ಹೇಡಿತನವೆಂದು ನನಗೆ ಅನ್ನಿಸುವುದಿಲ್ಲ. ತಾಯಿ ಮಗುವನ್ನು ಎತ್ತಿಕೊಂಡು ಓಡಿ ಬಂದಿದ್ದಾಳೆ, ಕಣ್ಣಲ್ಲಿ ನೀರಿದೆ. ಆ ಕೈಯೇ ಇದನ್ನು ಮಾಡಿತೆಂದು ನಂಬಲು ಯಾರ ಮನಸ್ಸು ಒಪ್ಪುತ್ತದೆ? 1953ರಲ್ಲಿ ಫ್ರೆಡರಿಕ್ ಸಿಲ್ವರ್‌ಮನ್ ಇವು ಪೆಟ್ಟಿನಿಂದಲೇ ಆದ ಮುರಿತಗಳೆಂದು ಹೇಳಿದರು. ಎರಡು ವರ್ಷದ ಮೇಲೆ ಡೆಟ್ರಾಯಿಟ್‌ನ ಇಬ್ಬರು ವೈದ್ಯರು ಬೆರಳು ಮನೆಯ ಕಡೆಗೇ ತೋರಿಸಿದರು.

ಆದರೂ ವಾರ್ಡುಗಳಲ್ಲಿ ಹಳೆಯ ರೂಢಿಯೇ ನಡೆದಿತ್ತು. ಡೆನ್ವರ್‌ನ ಕೊಲರಾಡೊ ವಿಶ್ವವಿದ್ಯಾಲಯಕ್ಕೆ ಮಕ್ಕಳ ವಿಭಾಗದ ಮುಖ್ಯಸ್ಥರಾಗಿ ಬಂದ ಹೆನ್ರಿ ಕೆಂಪಿ ಅದನ್ನು ಕಂಡು ಕೆರಳಿದರು. ಮೈತುಂಬ ಬಾಸುಂಡೆ ಇರುವ ಮಗುವಿಗೆ ರಕ್ತದ ಕಾಯಿಲೆ ಎಂದು ಬರೆಯುವುದು, ರಕ್ತ ಪರೀಕ್ಷೆ ಸರಿಯಾಗೇ ಇದ್ದರೂ! ತಲೆಯೊಳಗಿನ ರಕ್ತಸ್ರಾವ ತಾನಾಗಿ ಆದದ್ದೆಂದು ಬರೆಯುವುದು! ಕೆಂಪಿ ಜರ್ಮನಿಯ ಬ್ರೆಸ್ಲೌ ಊರಿನ ಯೆಹೂದಿ ಮನೆಯವರು. ಹರೆಯದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬಂದವರು. ಸಿಡುಬಿನ ಮೇಲೂ ಕೆಲಸ ಮಾಡಿದವರು, ನಮ್ಮ ಮದ್ರಾಸಿನ ವೈದ್ಯರ ಜೊತೆಗೂಡಿ. ಸೋಂಕನ್ನು ಹುಡುಕುವ ಆ ಶಿಸ್ತನ್ನೇ ಅವರು ಇಲ್ಲಿಗೂ ತಂದರು: ಒಂದು ಮಗುವಿನ ಕತೆ ಸಾಲದು, ಎಣಿಸಬೇಕು.

71 ಆಸ್ಪತ್ರೆಗಳಿಗೆ ಕೇಳಿ ಬರೆದರು. ಒಂದು ವರ್ಷದಲ್ಲಿ ಹೀಗೆ ಹೊಡೆತ ತಿಂದ 302 ಮಕ್ಕಳು, 33 ಸಾವು, 85 ಮಕ್ಕಳ ಮಿದುಳಿಗೆ ಮಾಯದ ಪೆಟ್ಟು. 1962ರ ಜುಲೈನಲ್ಲಿ ಐವರ ಹೆಸರಿನಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂದ ಆ ಲೇಖನ ಬ್ಯಾಟರ್ಡ್ ಚೈಲ್ಡ್ ಸಿಂಡ್ರೋಮ್ (ಹೊಡೆತ ತಿಂದ ಮಗುವಿನ ಲಕ್ಷಣಗಳ ಗುಂಪು) ಎಂಬ ಹೆಸರನ್ನು ಜಗತ್ತಿಗೆ ಕೊಟ್ಟಿತು. ಗುರುತುಗಳನ್ನೂ ಅದು ಹೇಳಿತು. ಮುರಿತಗಳು ಬೇರೆ ಬೇರೆ ಹೊತ್ತಿನವು: ಒಂದು ಹಸಿಯದು, ಇನ್ನೊಂದರ ಸುತ್ತ ಹೊಸ ಮೂಳೆ ಕಟ್ಟಿಕೊಳ್ಳುತ್ತಿದೆ, ಮತ್ತೊಂದು ಕೂಡಿ ಗಟ್ಟಿಯಾಗಿದೆ. ಮಂಚದಿಂದ ಒಂದು ಸಲ ಬಿದ್ದರೆ ಹೀಗಾಗದು. ಮನೆಯವರು ಹೇಳುವ ಕಾರಣಕ್ಕೂ ಗಾಯಕ್ಕೂ ತಾಳೆಯಾಗದು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ ಗುರುತು ಬೇರೆಯೇ: ಆಸ್ಪತ್ರೆಯಲ್ಲಿ ಇರುವಷ್ಟು ದಿನ ಮಗುವಿಗೆ ಹೊಸ ಗಾಯ ಒಂದೂ ಆಗುವುದಿಲ್ಲ. ಔಷಧಿಯಿಂದಲ್ಲ, ಬರೀ ಜಾಗ ಬದಲಾದದ್ದರಿಂದ.

ಕಾನೂನು ಬೇಗ ಬಂತು. 1967ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇಂಥ ಮಗುವನ್ನು ಕಂಡ ವೈದ್ಯರು ವರದಿ ಮಾಡಲೇಬೇಕೆಂಬ ನಿಯಮವಾಯಿತು. ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ನಮ್ಮ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಎಲ್ಲರ ಮೇಲೂ ಹೊರಿಸಿರುವುದು ಇಂಥದೇ ಹೊಣೆ. ಕೆಂಪಿಯವರ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಅವರ ಬಳಗ ಕಂಡುಕೊಂಡ ಎರಡನೆಯ ಸಂಗತಿ ಇದಕ್ಕಿಂತ ದೊಡ್ಡದೆಂದು ನನ್ನ ನಂಬಿಕೆ.

ವರದಿ ಮಾಡಿದ ಮೇಲೆ ಏನು? ಈ ಪ್ರಶ್ನೆಯನ್ನು ಹಿಡಿದವರು ಲೇಖನದ ಐವರಲ್ಲಿ ಒಬ್ಬರಾದ ಮನೋವೈದ್ಯ ಬ್ರಾಂಟ್ ಸ್ಟೀಲ್. ಜೊತೆಗಾರ ಪೊಲಾಕ್ ಅವರೊಡನೆ ಐದೂವರೆ ವರ್ಷ ಅವರು 60 ಕುಟುಂಬಗಳನ್ನು ಮಾತನಾಡಿಸಿದರು. ರಾಕ್ಷಸರು ಸಿಗುತ್ತಾರೆಂದು ಕಾದವರಿಗೆ ಸಿಕ್ಕವರು ಬಡವರು, ಅನುಕೂಲಸ್ಥರು, ಓದಿದವರು, ಓದದವರು, ಎಲ್ಲ ಬಗೆಯ ಜನ. ಹುಚ್ಚು ಹಿಡಿದವರೆನ್ನಬಹುದಾದವರು ತೀರ ಕಡಿಮೆ. ಮತ್ತೆ ಮತ್ತೆ ಕಂಡದ್ದು ಒಂದೇ ಸಂಗತಿ: ಇವರನ್ನು ಎಳವೆಯಲ್ಲಿ ಯಾರೂ ಅಕ್ಕರೆಯಿಂದ ನೋಡಿಕೊಂಡಿರಲಿಲ್ಲ. ತಮಗೆ ಸಿಗದ ಪ್ರೀತಿಯನ್ನು ತಾವು ಹೆತ್ತ ಕೂಸಿನಿಂದ ಬಯಸುತ್ತಿದ್ದರು. ಕೂಸು ರಚ್ಚೆ ಹಿಡಿದರೆ ಅದಕ್ಕೆ ಹೊಟ್ಟೆನೋವಿರಬಹುದೆಂದು ಹೊಳೆಯುತ್ತಿರಲಿಲ್ಲ. ನೀನು ಕೆಟ್ಟ ತಾಯಿ ಎಂದು ಅದು ಬಯ್ಯುತ್ತಿದೆ ಎನಿಸುತ್ತಿತ್ತು. ಕೈ ಮೀರುವ ಆ ಗಳಿಗೆಯಲ್ಲಿ ಕರೆಯಲು ನೆರೆಯವರಿಲ್ಲ, ಬಂಧುಗಳಿಲ್ಲ.

ಹಾಗಾದರೆ ಇವರಿಗೆ ಬೇಕಾದದ್ದು ಉಪದೇಶವಲ್ಲ, ತಾವು ಎಂದೂ ಕಾಣದ ತಾಯಿ. ಡೆನ್ವರ್‌ನ ಬಳಗ ಡಿಗ್ರಿ ನೋಡದೆ, ಮಕ್ಕಳನ್ನು ಪ್ರೀತಿಯಿಂದ ಸಾಕಿದ ಸಾಮಾನ್ಯ ಹೆಂಗಸರನ್ನು, ಗಂಡಸರನ್ನೂ ಆರಿಸಿತು. ಒಬ್ಬೊಬ್ಬರಿಗೆ ಒಂದೆರಡು ಕುಟುಂಬ ಮಾತ್ರ. ಅವರು ಮನೆಗೆ ಹೋಗಿ ಕೂರುವರು, ಮಾತು ಕೇಳುವರು, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೂ ಎತ್ತುವರು. ಮೊದಲು ವಿಚಾರಿಸುತ್ತಿದ್ದುದು ತಾಯಿಯ ಯೋಗಕ್ಷೇಮ, ಆಮೇಲೆ ಮಗುವಿನದು. ತಾಳ್ಮೆ ಕಟ್ಟೆಯೊಡೆಯುವ ಮುನ್ನ ಮಗುವನ್ನು ತಂದು ಬಿಡಬಹುದಾದ ಶಿಶುಪಾಲನಾ ಕೇಂದ್ರವೂ ಸೇರಿಕೊಂಡಿತು. ಅಲ್ಲಿ ಯಾಕೆ ಏನು ಎಂದು ತನಿಖೆ ಮಾಡುವವರಿಲ್ಲ. 1972ರಲ್ಲಿ ಈ ಕೆಲಸಕ್ಕೆಂದೇ ಡೆನ್ವರ್‌ನಲ್ಲಿ ಕೇಂದ್ರ ತೆರೆಯಿತು.

ಮುರಿಯುವ ಮೊದಲೇ ಹೋಗಬಹುದಲ್ಲವೇ ಎಂಬುದು ಕೊನೆಯ ಪ್ರಶ್ನೆ. ಕೆಂಪಿ ಮತ್ತು ಸಂಗಡಿಗರು ಹೆರಿಗೆ ಕೋಣೆಯಲ್ಲೇ ಗಮನಿಸತೊಡಗಿದರು: ಕೂಸನ್ನು ಕೈಗಿತ್ತಾಗ ತಾಯಿ ಏನೆನ್ನುತ್ತಾಳೆ, ಹೇಗೆ ನೋಡುತ್ತಾಳೆ, ಏನು ಮಾಡುತ್ತಾಳೆ. ಕಷ್ಟಕ್ಕೆ ಸಿಲುಕಬಹುದೆಂದು ತೋರಿದ 100 ತಾಯಂದಿರನ್ನು ಎರಡು ಪಾಲು ಮಾಡಿದರು. 50 ಮಂದಿಗೆ ಎಲ್ಲರಿಗೂ ಸಿಗುವಷ್ಟೇ ಆರೈಕೆ. ಉಳಿದ 50 ಮಂದಿಗೆ ಒಬ್ಬರೇ ಮಕ್ಕಳ ವೈದ್ಯರ ಬಿಡದ ಗಮನ, ನರ್ಸುಗಳ ಭೇಟಿ, ಮನೆಗೆ ಬಂದು ಕುಶಲ ಕೇಳುವ ಒಬ್ಬರು. 1977ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಮೊದಲ ಗುಂಪಿನ ಐದು ಮಕ್ಕಳು ಗಂಭೀರ ಗಾಯಗಳಿಂದ ಆಸ್ಪತ್ರೆ ಸೇರಿದ್ದರು. ಎರಡನೆಯ ಗುಂಪಿನಲ್ಲಿ ಅಂಥ ಗಾಯದಿಂದ ಸೇರಿದ ಮಗು ಒಂದೂ ಇರಲಿಲ್ಲ.