ಅಂತ್ರವೃದ್ಧಿಯು ಮರೆಮಾಡತಕ್ಕ ರೋಗವಲ್ಲ

ಶಹಾಬಾದದ ಗಣಿಗಳಲ್ಲಿ ಹಾಸುಗಲ್ಲನ್ನೆತ್ತುವವರು, ಸೇಡಂ ಚಿತ್ತಾಪುರಗಳ ಪೇಟೆಗಳಲ್ಲಿ ತೊಗರಿಯ ಚೀಲ ಹೊರುವ ಹಮಾಲರು, ವಾಡಿಯಲ್ಲಿ ಸಿಮೆಂಟಿನ ಮೂಟೆಗೆ ಹೆಗಲು ಕೊಡುವವರು—ಹೀಗೆ ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳ ಅನ್ನವು ಭಾರದಿಂದಲೇ ಹುಟ್ಟುವುದು. ಇಂಥವರಲ್ಲಿ ಕೆಲವರು ತೊಡೆಸಂದಿನ ಗಂಟೊಂದನ್ನು ಧೋತರದ ಮರೆಯಲ್ಲಿಟ್ಟುಕೊಂಡು, ಹೆಂಡತಿಗೂ ಹೇಳದೆ ವರ್ಷಗಟ್ಟಲೆ ದುಡಿಯುತ್ತಿರುವರು. ಜನರು ಅಂಡವಾಯುವೆಂದೂ ವೈದ್ಯರು ಹರ್ನಿಯಾ ಎಂದೂ ಕರೆಯುವ ರೋಗವಿದು.

ಹೊಟ್ಟೆಯ ಸ್ನಾಯುಗಳು ಕರುಳಿಗೆ ಗೋಡೆಯಂತಿವೆ. ಗೋಡೆಯು ದುರ್ಬಲವಾದೆಡೆಯಲ್ಲಿ, ಭಾರವೆತ್ತಿದಾಗಲೋ ಕೆಮ್ಮಿದಾಗಲೋ ತಿಣುಕಿದಾಗಲೋ, ಕರುಳು ಹೊರಕ್ಕೆ ಉಬ್ಬುವುದು, ಮಲಗಿದರೆ ಒಳಸರಿಯುವುದು. ಗಂಡಸರಿಗೆ ಇದು ತೊಡೆಸಂದಿನಲ್ಲಿ ಹೆಚ್ಚು. ಹೆಂಗಸರಿಗೂ ಮಕ್ಕಳಿಗೂ ಬರುವುದುಂಟು.

ಭಾರ ಹೊರುವುದು, ಬಲಿಷ್ಠರೊಡನೆ ಸೆಣಸುವುದು, ಮರದಿಂದ ಬೀಳುವುದು ಇದಕ್ಕೆ ಕಾರಣಗಳೆಂದು ಸುಶ್ರುತಸಂಹಿತೆಯು ಹೇಳುವುದು. ತೊಡೆಸಂದಿನಲ್ಲಿರುವಾಗಲೇ ಸುಟ್ಟು ದಾರಿಯನ್ನು ಮುಚ್ಚಬೇಕು, ವೃಷಣಕೋಶಕ್ಕೆ ಇಳಿದುದನ್ನು ಕೈಬಿಡಬೇಕು ಎಂಬುದು ಅದರ ಮತ. ಅಂದು ಕೈಬಿಟ್ಟುದನ್ನು ಇಂದಿನ ಶಸ್ತ್ರವಿದ್ಯೆಯು ಕೈಗೆತ್ತಿಕೊಂಡಿರುವುದು. ಇಟಲಿಯ ಬಾಸೀನಿಯು 1884ರಿಂದ ಆ ಗೋಡೆಯನ್ನು ಪದರಪದರವಾಗಿ ಹೊಲಿಯುವ ಕ್ರಮವನ್ನು ರೂಢಿಗೆ ತಂದನು. ಎಳೆದು ಹೊಲಿದ ಅರಿವೆಯು ಮತ್ತೆ ಬಿರಿಯುವಂತೆ ಆ ಹೊಲಿಗೆಯೂ ಕೆಲವೊಮ್ಮೆ ಬಿರಿಯುತ್ತಿದ್ದಿತು. 1980ರ ದಶಕದಲ್ಲಿ ಅಮೆರಿಕದ ಲಿಕ್ಟನ್‌ಸ್ಟೈನನು ಎಳೆಯದೆಯೇ ತೆಳ್ಳನೆಯ ಬಲೆಯನ್ನು ತೇಪೆಯಾಗಿ ಕೂರಿಸುವ ಕ್ರಮವನ್ನು ಪ್ರಚಾರಗೊಳಿಸಿದನು. ಈಗ ಸಣ್ಣ ರಂಧ್ರಗಳ ಮೂಲಕ ದುರ್ಬೀನಿನಿಂದಲೂ ಇದನ್ನು ಮಾಡುವರು. ಅನೇಕರು ಒಂದೆರಡು ದಿನಗಳಲ್ಲಿಯೇ ಮನೆಗೆ ಮರಳುವರು; ಭಾರವೆತ್ತುವ ಕೆಲಸಕ್ಕೆ ಮಾತ್ರ ವೈದ್ಯರು ಹೇಳುವಷ್ಟು ವಾರಗಳ ಬಿಡುವು ಬೇಕು.

ನಮ್ಮ ಹಳೆಯ ಶಿಷ್ಯನೊಬ್ಬನು ಹಮಾಲನಾಗಿ ಐದು ವರ್ಷ ಲಂಗೋಟಿ ಬಿಗಿದೇ ಕಳೆದನು. ಒಂದು ರಾತ್ರಿ ಗಂಟು ಕಲ್ಲಾಯಿತು, ವಾಂತಿ ನಿಲ್ಲದಾಯಿತು. ಕಂಡಿಯಲ್ಲಿ ಸಿಕ್ಕಿದ ಕರುಳಿಗೆ ರಕ್ತ ನಿಂತು, ಕಲಬುರಗಿಯಲ್ಲಿ ಅದರ ಒಂದು ತುಂಡನ್ನೇ ಕೊಯ್ದು ತೆಗೆಯಬೇಕಾಯಿತು. ಜೀವ ಉಳಿಯಿತು, ಆದರೆ ಆರು ತಿಂಗಳು ಒಲೆಯುರಿಯಲು ಸಾಲವೇ ಗತಿಯಾಯಿತು. “ಗುರುಗಳೇ, ನಾಚಿಕೆಗೆ ಇಷ್ಟು ಬೆಲೆಯೆಂದು ತಿಳಿದಿರಲಿಲ್ಲ” ಎಂದನು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟು. ಪಟ್ಟಿಯು ಗಂಟನ್ನು ತಡೆದೀತೇ ಹೊರತು ಕಂಡಿಯನ್ನು ಮುಚ್ಚಲಾರದು. ಲೇಪವೂ ಕಷಾಯವೂ ಮುಚ್ಚಲಾರವು. ಗಂಟು ಒಳಹೋಗದೆ ಗಟ್ಟಿಯಾಗಿ ನೋಯತೊಡಗಿದರೆ, ವಾಂತಿಯಾದರೆ, ಮಲವಾಯುಗಳು ಕಟ್ಟಿದರೆ, ತಿಕ್ಕಬಾರದು, ಅದುಮಬಾರದು. ಆ ಗಳಿಗೆಯಲ್ಲಿಯೇ ಹೊರಡತಕ್ಕದ್ದು. ಚಿಂಚೋಳಿಯ ಹಳ್ಳಿಗಳಿಂದ ಕಲಬುರಗಿಯು ನಡುರಾತ್ರಿಯಲ್ಲಿ ಬಹಳ ದೂರ. ಗಂಟು ಮೆತ್ತಗಿರುವಾಗಲೇ ಹಗಲು ಹೊತ್ತಿನಲ್ಲಿ ಸರಕಾರಿ ಆಸ್ಪತ್ರೆಗೆ ಹೋಗಿ ತೋರಿಸುವುದೇ ಮೇಲು.