ಚಹಾ ಹೋಗುವ ದಾರಿಯ ಹೊಗೆ ಯಾರ ಲೆಕ್ಕಕ್ಕೆ?

ಕೋತಗಿರಿ: ಬೆಳಗಾದರೆ ಸಾಕು, ಹಟ್ಟಿಯ ಹೆಂಗಸರು ಟೀ ತೋಟಕ್ಕೆ ಇಳಿಯುತ್ತಾರೆ. ಕೊಯ್ದ ಎಲೆ ಚೀಲ ಸೇರಿ, ಚೀಲ ರಸ್ತೆಬದಿಗೆ ಬಂದು, ಅಲ್ಲಿಂದ ಫ್ಯಾಕ್ಟರಿಗೆ ಹೋಗುತ್ತದೆ. ನಾಲ್ಕು ಕಿಲೋಗೂ ಹೆಚ್ಚು ಹಸಿರೆಲೆ ಹಾಕಿದರೆ ಸಿಗೋದು ಒಂದು ಕಿಲೋ ಚಹಾ. ಬೆಳೆಗಾರನ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಹೊಗೆ, ಧೂಳಿನ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ.

'ಸುಸ್ಥಿರ ಚಹಾ' ಎಂಬ ಮಾತು ಈಗ ಬೆಟ್ಟದ ಮೇಲೂ ಚಾಲ್ತಿಯಲ್ಲಿದೆ. 2013ರಲ್ಲಿ ಆರಂಭವಾದ 'ಟ್ರಸ್ಟೀ' ನಿಯಮಾವಳಿಯಂಥವು ಕೀಟನಾಶಕ, ಕೂಲಿ, ಮಣ್ಣು, ನೀರು ಇವನ್ನೆಲ್ಲ ಪರೀಕ್ಷಿಸುತ್ತವೆ. ಒಳ್ಳೆಯದೇ. ಆದರೆ ಪರೀಕ್ಷೆ ನಡೆಯುವುದು ತೋಟ ಮತ್ತು ಫ್ಯಾಕ್ಟರಿಯಲ್ಲಿ. ಲಾರಿ, ಬಂದರು, ಹಡಗು ಇವೆಲ್ಲ ಆ ಗೇಟಿನ ಆಚೆಗೇ ಉಳಿಯುತ್ತವೆ.

ಇಳಿಯುವ ದಾರಿ

ಕೋತಗಿರಿಯಿಂದ ಮೆಟ್ಟುಪಾಳಯಕ್ಕೆ ಸುಮಾರು 33 ಕಿ.ಮೀ. ಘಾಟಿ ರಸ್ತೆ. ಮುಂದೆ ರಫ್ತಿನ ಚಹಾ ಕೊಚ್ಚಿ ಅಥವಾ ತೂತ್ತುಕುಡಿ ಬಂದರು ಸೇರಬೇಕು. ಕೊಚ್ಚಿಯ ವಲ್ಲಾರ್‌ಪಾಡಂ ಕಂಟೈನರ್ ಟರ್ಮಿನಲ್ 2011ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕಂಟೈನರಿನೊಳಗಿನ ಚಹಾದಿಂದ ಧೂಳೇನೂ ಏಳುವುದಿಲ್ಲ. ಏಳುವುದು ಎಂಜಿನ್ ಆರಿಸದೆ ಸಾಲು ನಿಲ್ಲುವ ಲಾರಿಗಳ ಹೊಗೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ.

ದಡಕ್ಕೆ ಬಂದು ನಿಂತ ಹಡಗೂ ಸುಮ್ಮನಿರುವುದಿಲ್ಲ. ದೀಪ, ಪಂಪುಗಳಿಗಾಗಿ ಅದರ ಎಂಜಿನ್ ಓಡುತ್ತಲೇ ಇರಬೇಕು. ಹಡಗಿನ ಎಣ್ಣೆಯಲ್ಲಿ ಗಂಧಕ ಶೇ. 3.5ರಷ್ಟು ಇರಬಹುದಿತ್ತು. 2020ರ ಜನವರಿ 1ರಿಂದ ಅದನ್ನು ಶೇ. 0.5ಕ್ಕೆ ಇಳಿಸಲಾಗಿದೆ. ದಡದಿಂದಲೇ ಕರೆಂಟು ಕೊಟ್ಟರೆ ಆ ಎಂಜಿನ್ನನ್ನೂ ನಿಲ್ಲಿಸಬಹುದು.

ಹತ್ತುವ ದಾರಿ

ಬಂದರಿಗೂ ಬೆಟ್ಟಕ್ಕೂ ಇನ್ನೊಂದು ನಂಟಿದೆ. ಟೀ ಗಿಡಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರಕ್ಕೆ ನಮ್ಮ ದೇಶ ನೆಚ್ಚಿರುವುದು ಆಮದನ್ನೇ. ಗೊಬ್ಬರ, ಕಲ್ಲಿದ್ದಲು, ಅದಿರು ಇಂಥವು ಹಡಗಿನಲ್ಲಿ ಬಿಡಿಬಿಡಿಯಾಗಿ ಬರುತ್ತವೆ. ಕ್ರೇನಿನ ದವಡೆ ಅದನ್ನು ಎತ್ತಿ ಮೇಲಿನಿಂದ ಸುರಿದಾಗ ಏಳುವ ಧೂಳು ಮೊದಲು ಹೋಗುವುದು ಹಮಾಲಿಗಳ ಎದೆಗೆ, ಆಮೇಲೆ ಪಕ್ಕದ ಕೇರಿಗೆ.

ಚೆನ್ನೈ ಬಂದರಿನಲ್ಲಿ ಜನ ಈ ಧೂಳಿನ ವಿರುದ್ಧ ದನಿ ಎತ್ತಿದ ಮೇಲೆ, ಮದ್ರಾಸ್ ಹೈಕೋರ್ಟ್ ಆದೇಶದಂತೆ 2011ರಲ್ಲಿ ಅಲ್ಲಿ ಕಲ್ಲಿದ್ದಲು ಮತ್ತು ಕಬ್ಬಿಣದ ಅದಿರಿನ ಕೆಲಸ ನಿಂತಿತು. ಆ ಸರಕು ಎನ್ನೂರಿನ ಕಡೆಗೆ ಸರಿಯಿತು. ಒಂದು ಊರಿನ ಧೂಳು ಇನ್ನೊಂದು ಊರಿಗೆ ಹೋದರೆ ಅದು ಪರಿಹಾರ ಆದೀತೆ? ಮುಚ್ಚಿದ ಹಾಪರ್, ಮುಚ್ಚಿದ ಬೆಲ್ಟು, ನೀರಿನ ಸಿಂಪರಣೆ, ಟಾರ್ಪಾಲು ಹೊದಿಸಿದ ಲಾರಿ – ಇವೆಲ್ಲ ಗೊತ್ತಿರುವ ಉಪಾಯಗಳೇ. ಖರ್ಚು ಯಾರದು ಎಂಬಲ್ಲಿಗೆ ಬಂದು ಮಾತು ನಿಲ್ಲುತ್ತದೆ.

ಖರ್ಚು ಯಾರ ತಲೆಗೆ?

ಕೇಂದ್ರ ಸರಕಾರ 2023ರಲ್ಲಿ 'ಹರಿತ ಸಾಗರ' ಮಾರ್ಗಸೂಚಿ ಹೊರಡಿಸಿತು. ಟನ್ನು ಸರಕಿಗೆ ಬಂದರು ಉಗುಳುವ ಇಂಗಾಲವನ್ನು 2030ಕ್ಕೆ ಶೇ. 30, 2047ಕ್ಕೆ ಶೇ. 70ರಷ್ಟು ಇಳಿಸುವುದು ಅದರ ಗುರಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನೀಲಗಿರಿಯ ಸಣ್ಣ ಬೆಳೆಗಾರರು ಹಸಿರೆಲೆಗೆ ನ್ಯಾಯವಾದ ಬೆಲೆ ಕೊಡಿ ಎಂದು ಚಳವಳಿಗೆ ಕೂತಿದ್ದರು. ಎಲೆಗೇ ಬೆಲೆ ಇಲ್ಲದವನ ಮೇಲೆ ಬಂದರಿನ ಹೊಗೆಯ ಖರ್ಚನ್ನೂ ಹೊರಿಸಿದರೆ ಅವನು ತೋಟ ಬಿಡಬೇಕಷ್ಟೆ.

ಹಾಗಾಗಿ ಈ ಲೆಕ್ಕ ಚಹಾ ಕೊಳ್ಳುವ ದೊಡ್ಡ ಕಂಪನಿಯಿಂದ ಶುರುವಾಗಬೇಕು. ತೋಟಕ್ಕೆ ಸರ್ಟಿಫಿಕೇಟು ಕೇಳುವವರು ಲಾರಿಗೂ ಬಂದರಿಗೂ ಹಡಗಿಗೂ ಅದನ್ನೇ ಕೇಳಲಿ, ಅದರ ಖರ್ಚನ್ನು ತಮ್ಮ ಬೆಲೆಯಲ್ಲಿ ಸೇರಿಸಲಿ. 1965ರಿಂದ ಇರುವ 'ಇಂಡ್‌ಕೋಸರ್ವ್' ಅಡಿಯ ಸಹಕಾರಿ ಫ್ಯಾಕ್ಟರಿಗಳು ಸರಕನ್ನು ಒಟ್ಟುಗೂಡಿಸಿ ಕಳಿಸಿದರೆ, ಚಹಾ ಇಳಿಸಿದ ಲಾರಿ ಗೊಬ್ಬರ ಹೇರಿಕೊಂಡೇ ಮರಳಿದರೆ, ಘಾಟಿಯಲ್ಲಿ ಖಾಲಿ ಓಡುವ ಗಾಡಿಗಳಾದರೂ ಕಡಿಮೆಯಾಗುತ್ತವೆ. ಘಾಟಿ ಬದಿಯ ಹಟ್ಟಿಗೂ ಬಂದರು ಬದಿಯ ಕೇರಿಗೂ ಬೇಕಾಗಿರುವುದು ಒಂದೇ, ಉಸಿರಾಡಲು ಒಳ್ಳೆ ಗಾಳಿ.